ಹತ್ತಿಯ ಮೇಲೆ ಕಲಿತ ಪಟ್ಟು

ತಿರ್ಲಾಪುರದ ಹೊಳೆಪ್ಪ ವಸ್ತಾದರ ಮನೆಯಲ್ಲಿ ಹೆಂಗಸರಿಗೆ ಎಲ್ಲದರ ಮೇಲೂ ಮಾತಿತ್ತು, ತಾಲೀಮಿನ ಮೇಲೆ ಮಾತ್ರ ಇರಲಿಲ್ಲ. ಯಾವ ಎಮ್ಮೆ ಮಾರಬೇಕು, ಎರೆಹೊಲಕ್ಕೆ ಕಡಲೆಯೋ ಜೋಳವೋ, ಯಾರ ಮದುವೆಗೆ ಏನು ಆಯೇರು ಒಯ್ಯಬೇಕು ಎಂಬುದನ್ನೆಲ್ಲ ಅವರ ಹೆಂಡತಿ ನೀಲಕ್ಕ ಒಲೆಯ ಮುಂದೆ ಕೂತೇ ಗೊತ್ತುಮಾಡುತ್ತಿದ್ದಳು. ಗಂಡಸರು ರೊಟ್ಟಿ ಮುರಿಯುತ್ತ ಹೂಂ ಎನ್ನುತ್ತಿದ್ದರು. ಆದರೆ ಊರ ಹುಡುಗರು ವಸ್ತಾದರ ಕೈಕೆಳಗೆ ಕುಸ್ತಿ ಕಲಿಯುವ ಆ ಹೆಂಚಿನ ಮನೆಯೊಳಗೆ, ಆ ಕೆಂಪು ಮಣ್ಣಿನಲ್ಲಿ ಏನು ನಡೆಯಿತು ಎಂದು ಮನೆಯಲ್ಲಿ ಕೇಳುವಂತಿರಲಿಲ್ಲ, ಹೇಳುವಂತಿರಲಿಲ್ಲ.

ಸೊಸೆ ಮಹಾನಂದಾ ಇದನ್ನು ಬಂದ ವಾರದಲ್ಲೇ ಕಲಿತಳು. ಗಂಡ ಸುಭಾಸನ ಕಿವಿ ಬದನೆಕಾಯಿಯ ಹಾಗೆ ಊದಿದ್ದು ನೋಡಿ "ಯಾರ ಹೊಡದ್ರು?" ಎಂದಿದ್ದಳು, ಅಷ್ಟೇ. ಮಾವ ಕರೆದು ಕೂರಿಸಿ, ಸಿಟ್ಟಿಲ್ಲದೆ ಹೇಳಿದ್ದರು: "ಯವ್ವಾ, ತಾಲೀಮಿನ ಮಾತು ತಾಲೀಮಿನ್ಯಾಗ ಇರ್ತೈತಿ. ಈ ಮನಿ ಹೆಂಗಸರ ಬಾಯಾಗ ಅದು ಬರಬಾರದು."

ಅದಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಇಬ್ಬರು ಹುಡುಗರ ಜಗ್ಗಾಟದ ಸುದ್ದಿ ಮನೆಗೆ ಹೋಗಿ, ಎರಡು ಮನೆಯವರು ಕೊಡಲಿ ಹಿಡಿದು ಓಣಿಗೆ ಇಳಿದಿದ್ದರಂತೆ. ಅಂದಿನಿಂದ ಹೊಸದಾಗಿ ಬರುವ ಪ್ರತಿ ಹುಡುಗ ಮಣ್ಣು ಮುಟ್ಟಿ, ಒಳಗಿನದನ್ನು ಹೊರಗೆ ಒಯ್ಯುವುದಿಲ್ಲ ಎಂದು ಆಣೆ ಮಾಡಬೇಕಿತ್ತು. ನೋವಾದರೆ ವಸ್ತಾದರಿಗೆ ಹೇಳು, ಅನ್ಯಾಯವಾದರೆ ವಸ್ತಾದರಿಗೆ ಹೇಳು; ನ್ಯಾಯ ಅವರೇ ಕೊಡುತ್ತಾರೆ. ಕೊಡುತ್ತಿದ್ದರು ಕೂಡ, ಅದರಲ್ಲಿ ಸುಳ್ಳಿಲ್ಲ. ನಲವತ್ತು ವರ್ಷದಲ್ಲಿ ಅವರ ತಾಲೀಮಿನಲ್ಲಿ ಒಬ್ಬ ಹುಡುಗನ ಬೆರಳೂ ಮುರಿದಿರಲಿಲ್ಲ. ಮೊದಲ ವರ್ಷ ಬರೀ ಬೀಳುವುದನ್ನೇ ಕಲಿಸುತ್ತಿದ್ದರು. ಹಿಂದೆ ಬೀಳು, ಪಕ್ಕಕ್ಕೆ ಬೀಳು, ಗದ್ದ ಎದೆಗೆ ಒತ್ತಿ ಬೀಳು. ಕೆಡವುವ ಪಟ್ಟುಗಳು ಶುರುವಾಗುತ್ತಿದ್ದುದು ಮೂರನೆಯ ವರ್ಷಕ್ಕೆ. ಅಷ್ಟರಲ್ಲಿ ಅರ್ಧ ಹುಡುಗರು ಬೇಸತ್ತು ಕ್ರಿಕೆಟ್ಟಿಗೆ ಹೋಗುತ್ತಿದ್ದರು, ಉಳಿದವರು ಗಟ್ಟಿಯಾಗುತ್ತಿದ್ದರು.

ಹಾಗೆ ಗಟ್ಟಿಯಾದವರಲ್ಲಿ ಮೊದಲನೆಯವನು ಟೆಂಪೋ ಓಡಿಸುವ ಶರೀಫಸಾಬನ ಮಗ ಮುಸ್ತಫಾ. ವಯಸ್ಸು ಹದಿನೇಳು. ಎರಡನೆಯವನು ಮಹಾನಂದಾಳ ಮಗ ಸಂಗನಬಸವ, ಅವನಿಗಿಂತ ಒಂದು ವರ್ಷ ಚಿಕ್ಕವನು. ಇಬ್ಬರ ತೂಕವೂ ಒಂದೇ. ಎಲ್ಲ ಕಷ್ಟ ಅಲ್ಲಿಂದಲೇ ಹುಟ್ಟಿತು.

ಕಾರ್ತಿಕ ಮುಗಿದ ವಾರ, ಊಟಕ್ಕೆ ಕೂತಾಗ ಸುಭಾಸ ಮಾತು ತೆಗೆದ. "ಅಪ್ಪಾ, ಫೆಬ್ರುವರಿದಾಗ ಧಾರವಾಡದಾಗ ಕ್ರೀಡಾ ಹಾಸ್ಟೆಲ್ಲಿನ ಆಯ್ಕಿ ಐತಿ. ಒಂದ ತೂಕಕ್ಕ ತಾಲೂಕಿನಿಂದ ಒಬ್ಬಂವಾ."

"ಹಂಗಾರ ಮುಸ್ತಫಾ ಹೋಗ್ತಾನ," ಎಂದರು ವಸ್ತಾದರು, ಚಟ್ನಿ ಕೇಳಿದಷ್ಟೇ ಸಲೀಸಾಗಿ.

"ಮತ್ತ ನಮ್ಮ ಸಂಗನಬಸವ?"

"ಇನ್ನೊಂದ ವರ್ಷ ತಡೀಲಿ. ಇಂವಗ ಅವಸರ ಭಾಳ ಐತಿ."

ಸುಭಾಸ ಕೈಲಿದ್ದ ರೊಟ್ಟಿಯನ್ನು ಗಂಗಾಳಕ್ಕೆ ಒಗೆದ. "ಇನ್ನೊಂದ ವರ್ಷ! ನನಗೂ ಹಿಂಗ ಅಂದ್ರಿ. ಇನ್ನೊಂದ ವರ್ಷ, ಇನ್ನೊಂದ ವರ್ಷ ಅಂತ ಅಂದು ಅಂದು ವಯಸ್ಸು ಮೀರಿಸಿದ್ರಿ. ಪೊಲೀಸ್ ಭರ್ತಿನೂ ಹೋತು, ರೈಲ್ವೆನೂ ಹೋತು. ನನ್ನ ಜೋಡಿ ಇದ್ದವರು ಇವತ್ತ ಖಾಕಿ ಹಾಕ್ಕೊಂಡು ತಿರಗ್ಯಾಡ್ತಾರ. ನಾ ಹತ್ತಿ ಬಿಡಸ್ತೇನಿ."

"ನಿನಗ ಕುತಿಗಿ ಗಟ್ಟಿ ಇರಲಿಲ್ಲ," ಎಂದರು ವಸ್ತಾದರು.

"ಊರವರ ಮಕ್ಕಳಿಗೆಲ್ಲಾ ಗಟ್ಟಿ ಇರ್ತಾವು, ಮನಿಯವರಿಗೆ ಇರೂದಿಲ್ಲ!"

"ಉಣ್ಣೂಮುಂದ ತಾಲೀಮಿನ ಸುದ್ದಿ ಬ್ಯಾಡ," ಎಂದಳು ನೀಲಕ್ಕ. ಸಂಗನಬಸವ ತಲೆ ತಗ್ಗಿಸಿ ಮಜ್ಜಿಗೆ ಕುಡಿದ. ಮಹಾನಂದಾ ಇನ್ನೊಂದು ರೊಟ್ಟಿ ಬಡಿದಳು.

ಡಿಸೆಂಬರಿನಲ್ಲಿ ವಸ್ತಾದರ ಎರಡೂ ಕಣ್ಣಿನ ಪೊರೆ ತೆಗೆಸಬೇಕಾಯಿತು. ಹುಬ್ಬಳ್ಳಿಯಿಂದ ಕಪ್ಪು ಕನ್ನಡಕ ಹಾಕಿಕೊಂಡು ಬಂದ ಅವರನ್ನು ನೋಡಿ ನೀಲಕ್ಕ "ಸಿನೆಮಾದವರಂಗ ಕಾಣ್ತೀರಿ ನೋಡ್ರಿ" ಎಂದು ನಕ್ಕಳು. ಒಂದು ತಿಂಗಳು ಧೂಳಿಗೆ, ಮಣ್ಣಿಗೆ ಹೋಗಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ತಾಲೀಮಿನ ಕೀಲಿಕೈ ಮಗನ ಕೈಗೆ ಬಂತು.

"ಕಲಿತದ್ದನ್ನ ಮಾಡಸು," ಎಂದರು ವಸ್ತಾದರು. "ಹೊಸಾದು ಏನೂ ಬ್ಯಾಡ. ಅದರಾಗ ಢಾಕ್ ಅಂತೂ ನಾ ಬರೂತನಕ ಯಾರೂ ಹಾಕಕೂಡದು."

ಢಾಕ್ ಎಂದರೆ ಎದುರಾಳಿಯ ಕುತ್ತಿಗೆ ಮತ್ತು ತೋಳನ್ನು ಒಂದೇ ಹಿಡಿತದಲ್ಲಿ ಕಟ್ಟಿ, ಸೊಂಟದ ಮೇಲಿಂದ ಎತ್ತಿ ಒಗೆಯುವ ಪಟ್ಟು. ಸರಿಯಾಗಿ ಬಿದ್ದರೆ ಕುಸ್ತಿ ಅಲ್ಲಿಗೇ ಮುಗಿಯುತ್ತದೆ. ವಸ್ತಾದರು ಅದನ್ನು ಇಬ್ಬರನ್ನೂ ಎದುರಿಗಿಟ್ಟುಕೊಂಡು ಕಲಿಸುತ್ತಿದ್ದರು. ಒಗೆಯುವವನಿಗೆ ಒಂದು ತಿಂಗಳು, ಒಗೆಸಿಕೊಳ್ಳುವವನಿಗೆ ಎರಡು ತಿಂಗಳು.

ಆ ವರ್ಷದ ಹತ್ತಿಯನ್ನು ಇನ್ನೂ ಮಾರಿರಲಿಲ್ಲ. ಪಡಸಾಲೆಯ ಒಳಕೋಣೆಯಲ್ಲಿ ಎದೆಯೆತ್ತರ ಒಟ್ಟಿತ್ತು. ಒಂದು ಬೆಳಿಗ್ಗೆ ಮಹಾನಂದಾ ಕಸಬರಿಗೆ ಹಿಡಿದು ಆ ಕಡೆ ಹೋದರೆ ಒಳಗಿನಿಂದ ಧಪ್ಪೆಂದು ಸದ್ದು, ಜೊತೆಗೆ ನಗು. ಇಣುಕಿದಳು. ಸುಭಾಸ ಹತ್ತಿಯ ರಾಶಿಯಲ್ಲಿ ಅಂಗಾತ ಬಿದ್ದಿದ್ದ. ತಲೆ, ಮೀಸೆ ತುಂಬ ಹತ್ತಿ. ಮೊಬೈಲು ಗೂಡಿನಲ್ಲಿ ನಿಂತು ಕುಸ್ತಿ ತೋರಿಸುತ್ತಿತ್ತು.

"ಮತ್ತೊಮ್ಮಿ!" ಎಂದ ಸುಭಾಸ ಎದ್ದು. "ಢಾಕ್ ಹಾಕೂಮುಂದ ಕುತಿಗಿ ಬಿಡಬ್ಯಾಡ. ಪೂರಾ ಜೋರು ಹಾಕಲೇ, ಹತ್ತಿ ಐತಿ, ಯಾಕ ಅಂಜ್ತಿ?"

ಸಂಗನಬಸವ ಅಪ್ಪನನ್ನು ಎತ್ತಿ ಒಗೆದ. ಮತ್ತೆ ಧಪ್ಪೆಂದಿತು. ಅಪ್ಪ ಮಗ ಇಬ್ಬರೂ ನಕ್ಕರು. ಮಹಾನಂದಾ ಆ ನಗು ಕೇಳಿ ಎಷ್ಟೋ ವರ್ಷವಾಗಿತ್ತು. ಮಗನ ಜೊತೆ ಸುಭಾಸ ಆಡುತ್ತಿದ್ದ ಮಾತೆಂದರೆ ಫೀ ಕಟ್ಟಿದಿಯೇನು, ಎತ್ತಿಗೆ ನೀರಿಟ್ಟಿಯೇನು ಅಷ್ಟೇ. ಅವಳ ಕರುಳು ತಂಪಾಯಿತು. ಬಾಗಿಲು ಸರಿಸಿಟ್ಟು, ಇಬ್ಬರಿಗೂ ಹಾಲು ಕಾಸಲು ಒಳಗೆ ಹೋದಳು.

ಹದಿನೈದು ದಿನ ಹೀಗೇ ನಡೆಯಿತು. ಮಾವ ಕಪ್ಪು ಕನ್ನಡಕದಲ್ಲಿ ಕಟ್ಟೆಯ ಮೇಲೆ ಕೂತು "ಒಳಗ ಏನ ಸಪ್ಪಳಾ?" ಎಂದು ಒಮ್ಮೆ ಕೇಳಿದ್ದುಂಟು. "ಹತ್ತಿ ತುಳ್ಯಾಕತ್ತಾರ್ರಿ" ಎಂದಳು ಮಹಾನಂದಾ. ಪೂರಾ ಸುಳ್ಳೇನೂ ಆಗಿರಲಿಲ್ಲ.

ಅಮಾಸೆಯ ಮರುದಿನ ಸುಭಾಸ ಆ ಇಬ್ಬರೇ ಹುಡುಗರನ್ನು, ಉಳಿದವರು ಬರುವ ಮೊದಲೇ, ತಾಲೀಮಿಗೆ ಕರೆದ. ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ. ಮಹಾನಂದಾ ನೀರೊಲೆಗೆ ಕಟ್ಟಿಗೆ ಹಾಕುತ್ತಿದ್ದಾಗ ಸಂಗನಬಸವ ಓಡಿ ಬಂದ. ಮೈಯೆಲ್ಲ ಕೆಂಪು ಮಣ್ಣು, ಕಾಚದ ಮೇಲೇ ಬಂದಿದ್ದ.

"ಯವ್ವಾ, ಅಂವಾ ಏಳವಲ್ಲ."

"ಯಾರು?"

"ಮುಸ್ತಫಾ. ಕೈ ಹಿಡದು ಎಬಸೀನಿ, ಕೈ ಹಂಗ ಜೋತು ಬೀಳ್ತೈತಿ. ಹತ್ತಿ ಮ್ಯಾಲ ಹಾಕಿದಂಗ ಹಾಕಿದೆ ಯವ್ವಾ. ಹಂಗ ಹಾಕಿದೆ." ಎಂದವನೇ ನೀರೊಲೆಯ ಪಕ್ಕ ಕೂತು ವಾಂತಿ ಮಾಡಿಕೊಂಡ.

ಶರೀಫಸಾಬನ ಟೆಂಪೋದಲ್ಲೇ ಹುಡುಗನನ್ನು ಹುಬ್ಬಳ್ಳಿಗೆ ಒಯ್ದರು. ಕುತ್ತಿಗೆಯೊಳಗಿನ ಬೆನ್ನುಹುರಿ ಜಜ್ಜಿದೆ ಎಂದರು ಅಲ್ಲಿ. ಮೂರು ವಾರ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಮಾತಾಡುತ್ತಿದ್ದ, ನುಂಗುತ್ತಿದ್ದ. ಕುತ್ತಿಗೆಯಿಂದ ಕೆಳಗೆ ಅವನದು ಎನ್ನುವುದು ಏನೂ ಉಳಿದಿರಲಿಲ್ಲ.

ಸುಭಾಸ ಎಲ್ಲರಿಗೂ ಒಂದೇ ಮಾತು ಹೇಳಿದ: "ಸಾಮು ಮಾಡೂಮುಂದ ಕಾಲ ಜಾರಿ ತಲಿ ಕೆಳಗಾಗಿ ಬಿದ್ದಾ." ಊರು ನಂಬಿತು. ತಾಲೀಮಿನ ಸುದ್ದಿಯನ್ನು ಕೆದಕಿ ಕೇಳುವ ರೂಢಿ ಆ ಊರಿಗೇ ಇರಲಿಲ್ಲ.

ನಂಬಿ ಕುಸಿದವರು ವಸ್ತಾದರು. ಕನ್ನಡಕ ಕಿತ್ತಿಟ್ಟು, ಡಾಕ್ಟರ ಮಾತು ಗಾಳಿಗೆ ಬಿಟ್ಟು, ದಿನಾ ಸಂಜೆ ಎಳ್ಳೆಣ್ಣೆಯ ಬಾಟಲಿ ಹಿಡಿದು ಶರೀಫಸಾಬನ ಮನೆಗೆ ಹೋಗತೊಡಗಿದರು. ಹೊರಸಿನ ತುದಿಗೆ ಕೂತು ಶಿಷ್ಯನ ಕಾಲು ತಿಕ್ಕಿ ಬರುತ್ತಿದ್ದರು. ಮಹಾನಂದಾ ದಿನಾ ಮುಂಜಾನೆ ಆರು ರೊಟ್ಟಿ, ಪಲ್ಯ ಕಟ್ಟಿಕೊಂಡು ಅದೇ ಮನೆಗೆ ಹೋಗುತ್ತಿದ್ದಳು, ಯಾಕೆಂದರೆ ಮುಸ್ತಫಾನ ತಾಯಿ ಖಾಸಿಂಬಿಗೆ ಮಗನ ಪಕ್ಕದಿಂದ ಏಳಲು ಪುರಸೊತ್ತಿರಲಿಲ್ಲ. ಖಾಸಿಂಬಿ ಗಂಟು ತೆಗೆದುಕೊಂಡು, ಮಹಾನಂದಾಳ ಮುಖವನ್ನೇ ಒಂದು ಗಳಿಗೆ ನೋಡಿ, ಖಾಲಿ ಡಬ್ಬಿ ತಿರುಗಿ ಕೊಡುತ್ತಿದ್ದಳು. ನೀಲಕ್ಕ ಯಮನೂರಿನ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬಂದಳು.

ಮನೆಯಲ್ಲಿ ವಸ್ತಾದರ ಊಟ ದಿನದಿನಕ್ಕೆ ಕಡಿಮೆಯಾಯಿತು. ಅರ್ಧ ರೊಟ್ಟಿ, ಆಮೇಲೆ ಬರೀ ಅಂಬಲಿ.

"ಬೀಳೂದ ಕಲಸೀನಿ ಅಂತ ಅಂದಕೊಂಡಿದ್ದೆ," ಎಂದರು ಒಂದು ಮಧ್ಯಾಹ್ನ, ಗಂಗಾಳ ದೂಡಿ. "ಅದೂ ಕಲಸಿಲ್ಲ ನಾ. ನಲವತ್ತ ವರ್ಷ ಮಣ್ಣ ಹೊತ್ತೇನಿ, ಅಷ್ಟ."

ಸಾಕಾಗಿ ಹೋಗಿತ್ತು ಮಹಾನಂದಾಳಿಗೆ. ಒಂದು ತಿಂಗಳಿಂದ ಮಗ ಮುಖ ಕೊಟ್ಟು ಮಾತಾಡಿರಲಿಲ್ಲ, ಗಂಡ ಮನೆಯಲ್ಲಿ ನಿಲ್ಲುತ್ತಿರಲಿಲ್ಲ, ಈಗ ಈ ಮುದುಕ ಮಾಡದ ತಪ್ಪಿಗೆ ಸಾಯಲು ಕೂತಿದ್ದ. ಅಂಬಲಿಯ ಬಟ್ಟಲನ್ನು ಕೆಳಗಿಟ್ಟಳು.

"ನಿಮ್ಮ ತಪ್ಪಲ್ರಿ ಮಾವಾರ. ಅಂವಾ ಜಾರಿ ಬಿದ್ದಿಲ್ಲ. ನಿಮ್ಮ ಮೊಮ್ಮಗಾ ಒಗದಾನ. ಢಾಕ್ ಹಾಕಿ."

ವಸ್ತಾದರು ಅವಳ ಕಡೆ ತಿರುಗಿ ಕೂತರು. "ಅಂವಗ ಢಾಕ್ ಯಾರ ಕಲಿಸಿದ್ರು?"

"ಅವರಪ್ಪ. ಒಳಕೋಣ್ಯಾಗ, ಹತ್ತಿ ಮ್ಯಾಲ. ಹದಿನೈದ ದಿನಾ."

"ನೀ ನೋಡಿದ್ದೇನು?"

"ನೋಡಿದ್ನಿರಿ."

"ನೋಡಿ ನನಗ್ಯಾಕ ಹೇಳಲಿಲ್ಲಬೇ?" ವಸ್ತಾದರ ದನಿ ಎಂದೂ ಅಷ್ಟು ಏರಿರಲಿಲ್ಲ.

"ಈ ಮನಿಗಿ ಬಂದ ವಾರದಾಗ ನೀವಾ ಹೇಳಿದ್ರಿ, ತಾಲೀಮಿನ ಮಾತು ಹೆಂಗಸರ ಬಾಯಾಗ ಬರಬಾರದಂತ. ಹದಿನೆಂಟ ವರ್ಷಾತು, ಒಂದ ದಿನಾನೂ ತಂದಿಲ್ರಿ."

ನೀಲಕ್ಕ ಒಲೆಯ ಮುಂದಿನಿಂದ ಎದ್ದು ಬಂದು ಪಡಸಾಲೆಯ ಬಾಗಿಲು ಹಾಕಿದಳು.

ವಸ್ತಾದರು ಮೊಮ್ಮಗನನ್ನು ಕರೆದರು. "ಹಿಡಿ ನನ್ನ," ಎಂದರು. ಹುಡುಗ ಅಲ್ಲೇ ನಿಂತ. "ಹಿಡೀಲೇ. ಹೆಂಗ ಹಿಡದಿದ್ದಿ ತೋರ್ಸು." ಸಂಗನಬಸವ ಅಜ್ಜನ ಕುತ್ತಿಗೆ, ತೋಳು ಕಟ್ಟಿ ಹಿಡಿದ.

"ಹಿಡತ ಬರೋಬರಿ ಐತಿ. ಒಗಿಯೂಮುಂದ ಈ ಕೈ ಎಲ್ಲಿ ಹೋಗಬೇಕು?"

"ಗೊತ್ತಿಲ್ರಿ ಅಜ್ಜಾ."

"ಅಂವನ ತಲಿ ಕೆಳಗ. ನೆಲಕ್ಕ ಬಡಿಯೂಕಿಂತ ಮದಲ ನಿನ್ನ ಕೈ ಅಲ್ಲಿರಬೇಕು. ಅದನ್ನ ಕಲಸಾಕ ನಾ ಒಂದ ತಿಂಗಳ ತಗೋತೇನಿ."

"ಹತ್ತಿ ಮ್ಯಾಲ ಅದು ಬ್ಯಾಡಾಗಿತ್ರಿ," ಎಂದ ಹುಡುಗ. ಕೈ ಬಿಟ್ಟು ಗೋಡೆಗೆ ಒರಗಿ ಅಳತೊಡಗಿದ.

ಅಂದು ಸಂಜೆ ವಸ್ತಾದರು ಎಣ್ಣೆಯ ಬಾಟಲಿ ಹಿಡಿದು ಹೊರಟಾಗ ಮಹಾನಂದಾಳಿಗೆ ಸಂಶಯವೇ ಇರಲಿಲ್ಲ. ಇವತ್ತು ಹೇಳಿಯೇ ಬರುತ್ತಾರೆ. ಅನ್ಯಾಯವಾದರೆ ವಸ್ತಾದರಿಗೆ ಹೇಳು, ನ್ಯಾಯ ಅವರೇ ಕೊಡುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಅವರು ತಿರುಗಿ ಬಂದರು.

"ಹೇಳಿದ್ರೇನ್ರಿ?"

"ಶರೀಫಸಾಬ ಮನ್ಯಾಗ ಇರಲಿಲ್ಲ. ನಾಳಿ."

ಮರುದಿನವೂ ನಾಳೆ. ಅದರ ಮರುದಿನ ಹುಡುಗನಿಗೆ ಜ್ವರ ಬಂದಿತ್ತಂತೆ. ನಾಲ್ಕನೆಯ ದಿನ ಸುಭಾಸನಿಗೆ ವಿಷಯ ತಿಳಿದು ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು.

"ಹೇಳ್ರಿ! ಹೋಗಿ ಹೇಳ್ರಿ!" ಎಂದು ಅವನು ಅಪ್ಪನ ಮುಂದೆ ನಿಂತು ಒದರಿದ. "ನನ್ನ ಹಿಡದು ಒಯ್ಯಲಿ, ಅಡ್ಡಿಯಿಲ್ಲ. ಇಂವನ ಹೆಸರ ಪೊಲೀಸ್ ಕಾಗದದಾಗ ಬಂತಂದ್ರ ಹಾಸ್ಟೆಲ್ಲೂ ಇಲ್ಲ, ಮುಂದ ನೌಕರಿನೂ ಇಲ್ಲ. ಒಂದ ಹುಡುಗನ ಬಾಳೇ ಹೋಗೇತಿ, ಇನ್ನೊಂದನ್ನೂ ಕಳೀರಿ!"

"ಹಾಸ್ಟೆಲ್ ಹಾಸ್ಟೆಲ್ ಅಂತ ಇಷ್ಟ ಆಗೇತಿ," ಎಂದಳು ಮಹಾನಂದಾ. "ಅಂವಗ ಊಟಾ ಸೇರವಲ್ದು, ನಿದ್ದಿ ಬರವಲ್ದು, ನೀವು ನೋಡೀರೇನು?"

"ನೀ ಸುಮ್ಮನಿರು," ಎಂದಳು ನೀಲಕ್ಕ. "ಒಬ್ಬಾವ ಮೊಮ್ಮಗ ನನಗ. ಹೇಳಿದ್ರ ಮುಸ್ತಫಾ ಎದ್ದ ಕುಂದ್ರತಾನೇನು? ಕುಂದ್ರತಾನಂದ್ರ ನಾನಾ ಹೋಗಿ ಹೇಳತೇನಿ."

ಎಲ್ಲರೂ ವಸ್ತಾದರ ಕಡೆ ನೋಡಿದರು. ಅವರು ಎಣ್ಣೆ ಬಾಟಲಿಯ ಬಿರಡೆ ಬಿಗಿ ಮಾಡುತ್ತ ಕೂತಿದ್ದರು. "ನೋಡೂಣು" ಎಂದರು. ಎಪ್ಪತ್ತು ವರ್ಷ ಸೆಟೆದು ನಡೆದ ಮನುಷ್ಯ ಆ ಒಂದು ಮಾತಿನಲ್ಲಿ ಮಹಾನಂದಾಳ ಕಣ್ಣಿಗೆ ಸಣ್ಣವನಾಗಿಬಿಟ್ಟ. ಅಂದಿನಿಂದ ಅವಳು ಕೇಳುವುದನ್ನು ಬಿಟ್ಟಳು. ಅವರು ದಿನಾ ಸಂಜೆ ಕಾಲು ತಿಕ್ಕಿ ಬಂದರು, ಅವಳು ದಿನಾ ಮುಂಜಾನೆ ರೊಟ್ಟಿ ಕೊಟ್ಟು ಬಂದಳು. ಹತ್ತಿಯನ್ನು ಸುಭಾಸ ಬಂದ ದರಕ್ಕೆ ಮಾರಿ ಕೋಣೆ ಖಾಲಿ ಮಾಡಿದ.

ಫೆಬ್ರುವರಿಯಲ್ಲಿ ಅವನು ಮಗನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಧಾರವಾಡಕ್ಕೆ ಹೋದ. ಎದುರಿಗೆ ನಿಲ್ಲುವವರು ಯಾರೂ ಅಷ್ಟು ಗಟ್ಟಿ ಇರಲಿಲ್ಲ. ಗಟ್ಟಿಯಿದ್ದವನು ಹೊರಸಿನ ಮೇಲಿದ್ದ. ಸಂಗನಬಸವ ಆಯ್ಕೆಯಾದ. ಸಂಜೆಯ ಬಸ್ಸಿಗೆ ಸುಭಾಸ ಎರಡು ಕಿಲೋ ಪೇಡೆ ಹಿಡಿದು ಬಂದ. ಮರುದಿನ ಮುಂಜಾನೆ ಓಣಿಗೆಲ್ಲ ಹಂಚಿದ್ದಾಯಿತು. ಮಹಾನಂದಾ ರೊಟ್ಟಿ ಕಟ್ಟುತ್ತಿದ್ದಾಗ ನೀಲಕ್ಕ ಆರು ಪೇಡೆ ತಂದು ಆ ಗಂಟಿನ ಮೇಲಿಟ್ಟಳು.

"ಅವರಿಗೂ ಕೊಟ್ಟ ಬಾ. ಕೊಡದಿದ್ರ ಏನ ತಿಳ್ಕೋತಾರ?"

ಮಹಾನಂದಾ ಪೇಡೆಗಳನ್ನು ನೋಡಿದಳು, ಅತ್ತೆಯನ್ನು ನೋಡಿದಳು. "ಇದನ್ನ ಅಕಿ ಕೈಯಾಗ ಹೆಂಗ ಇಡ್ಲಿ ಅತ್ತಿ? ನೀವಾ ಹೇಳ್ರಿ, ಹೆಂಗ ಇಡ್ಲಿ?"

"ಎಲ್ಲಾರಿಗೂ ಕೊಟ್ಟಂಗ ಕೊಡು."

ಮಹಾನಂದಾ ಪೇಡೆಗಳನ್ನು ಎತ್ತಿ ಗೂಡಿನಲ್ಲಿಟ್ಟಳು. ಕೈ ತೊಳೆದು, ರೊಟ್ಟಿಯ ಗಂಟು ಹಿಡಿದು ಅಂಗಳಕ್ಕೆ ಬಂದಳು. ಸಂಗನಬಸವ ಎಮ್ಮೆಯ ಮುಂದೆ ಮೇವು ಹಿಡಿದು ಸುಮ್ಮನೆ ನಿಂತಿದ್ದ.

"ನಡಿ. ನನ್ನ ಜೋಡಿ ಬಾ."

"ಎಲ್ಲಿಗೆ?" ಎಂದು ಕೇಳಲಿಲ್ಲ ಅವನು. ಮೇವು ಕೆಳಗೆ ಹಾಕಿ ಚಪ್ಪಲಿ ಮೆಟ್ಟಿದ. ಅದಕ್ಕಾಗಿಯೇ ಎರಡು ತಿಂಗಳಿಂದ ಕಾಯುತ್ತಿದ್ದವನ ಹಾಗೆ ಕಂಡಿತು ಅವಳಿಗೆ.

ಕಟ್ಟೆಯ ಮೇಲಿದ್ದ ವಸ್ತಾದರು ತಲೆಯೆತ್ತಿದರು. "ಎಲ್ಲಿಗಿ ಹೊಂಟೀರಿ?"

"ಶರೀಫಸಾಬರ ಮನಿಗ್ರಿ. ಹೇಳಾಕ. ನೀವೂ ಬರ್ರಿ ಮಾವಾರ."

ಅವರು ಕೋಲು ಹಿಡಿದರು. ಎದ್ದರು ಎಂದುಕೊಂಡಳು. ಕೋಲು ಹಿಡಿದವರು ಹಾಗೇ ಕೂತುಬಿಟ್ಟರು. ಒಳಗಿನಿಂದ ಸುಭಾಸ "ಏ ಮಾನಂದಾ!" ಎಂದು ಕೂಗಿ ಹೊರಗೆ ಬರುವಷ್ಟರಲ್ಲಿ ತಾಯಿ ಮಗ ಓಣಿಯ ತಿರುವು ದಾಟಿದ್ದರು.

ಖಾಸಿಂಬಿ ಮಗನಿಗೆ ಗಂಜಿ ಕುಡಿಸುತ್ತಿದ್ದಳು. ಕಿಟಕಿಯ ಪಕ್ಕ ಹೊರಸಿನ ಮೇಲೆ ಮುಸ್ತಫಾ ಮಲಗಿದ್ದ. ಆ ತೋಳುಗಳು ಈಗ ಜೋಳದ ದಂಟಿನಷ್ಟಾಗಿದ್ದವು. ಸಂಗನಬಸವ ಹೊಸ್ತಿಲ ಒಳಗೆ ಬಂದು ನಿಂತ, ಮುಂದೆ ಕಾಲಿಡಲಿಲ್ಲ.

"ಖಾಸಿಂಬಕ್ಕಾ, ಇಂವಾ ಒಂದ ಮಾತ ಹೇಳಾಕ ಬಂದಾನ," ಎಂದಳು ಮಹಾನಂದಾ.

ಹುಡುಗ ನೆಲ ನೋಡುತ್ತ ಎಲ್ಲ ಹೇಳಿದ. ಅಪ್ಪ ಕಲಿಸಿದ್ದು, ಹತ್ತಿ, ಹೇಳದೆ ಕೇಳದೆ ಪಟ್ಟು ಹಾಕಿದ್ದು. "ಅಂವಾ ಜಾರಿ ಬಿದ್ದಿಲ್ರಿ. ನಾ ಒಗದೇನಿ." ಅಷ್ಟು ಹೇಳಿ ಗೋಡೆ ಹಿಡಿದು ಕೂತ.

ಖಾಸಿಂಬಿ ಚಮಚವನ್ನು ಬಟ್ಟಲಲ್ಲಿಟ್ಟಳು. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಬಟ್ಟಲೆತ್ತಿ ಒಗೆಯುತ್ತಾಳೆ ಎಂದು ಮಹಾನಂದಾ ಎಲ್ಲದಕ್ಕೂ ತಯಾರಾಗಿ ನಿಂತಿದ್ದಳು.

"ಗೊತ್ತೈತಿ," ಎಂದಳು ಖಾಸಿಂಬಿ. "ದವಾಖಾನ್ಯಾಗ ಬಾಯಿ ಬಿಟ್ಟ ಮದಲನೇ ದಿನಾನ ಹೇಳ್ಯಾನ ನನಗ. ಮಣ್ಣ ಮುಟ್ಟಿ ಆಣಿ ಮಾಡೇನಿ, ಯಾರಿಗೂ ಹೇಳಬ್ಯಾಡಮ್ಮಾ ಅಂದಾ. ಅವರಪ್ಪಗೂ ಹೇಳಿಲ್ಲ ನಾ. ಒಂದೂವರಿ ತಿಂಗಳಾತು ನಿನ್ನ ರೊಟ್ಟಿ ತಿನ್ನಾಕತ್ತು. ಇವತ್ತರ ಅಂತಾಳೇನು, ಇವತ್ತರ ಅಂತಾಳೇನು ಅಂತ ದಿನಾ ನಿನ್ನ ಮಾರಿ ನೋಡತಿದ್ದೆ."

ಮಹಾನಂದಾಳ ಕೈಲಿದ್ದ ಗಂಟು ಭಾರವಾಯಿತು. ಎಲ್ಲಿಡಬೇಕೋ ತಿಳಿಯದೆ ಹಿಡಿದೇ ನಿಂತಳು.

"ನಿಮ್ಮ ಮಾವಾ ಬಂದು ಕಾಲ ತಿಕ್ಕೂಮುಂದ ನನ್ನ ಹೊಟ್ಟಿ ಉರಿತಿತ್ತು," ಎಂದಳು ಖಾಸಿಂಬಿ. "ಕೇಳೇಬಿಡತೇನಿ ಅಂತ ಎಷ್ಟ ಸಲಾ ಎದ್ದೇನಿ. ಇಂವಾ ಬಿಡಲಿಲ್ಲ. ವಸ್ತಾದರಿಗೆ ಗೊತ್ತಾಗಿಲ್ಲಮ್ಮಾ, ಗೊತ್ತಾದ ದಿನಾ ಅವರಾ ಬಂದು ಹೇಳ್ತಾರ, ನೀ ಕೇಳಬ್ಯಾಡ ಅಂತಾನ. ದಿನಾ ಇದಾ ಮಾತು."

ಹೊರಸಿನ ಮೇಲೆ ಮುಸ್ತಫಾ ಕಣ್ಣು ತಿರುಗಿಸಿದ. ಗೆಳೆಯನನ್ನು ನೋಡಿದ, ಆಮೇಲೆ ಬಾಗಿಲ ಕಡೆ ನೋಡಿದ.

"ಚಿಗವ್ವಾ, ವಸ್ತಾದರಿಗೆ ಯಾವಾಗ ಗೊತ್ತಾತ್ರಿ? ಇವತ್ತೇನ್ರಿ?"

ಇಂದು ಎಂದುಬಿಡಬಹುದಿತ್ತು. ಹುಡುಗನ ಮುಖ ನೋಡಿದರೆ ಹಾಗೆ ಹೇಳುವುದೇ ಪುಣ್ಯವೆನಿಸುತ್ತಿತ್ತು. ಆದರೆ ಈ ಮನೆಗೆ ಇನ್ನೊಂದು ಸುಳ್ಳು ತರಲು ಅವಳಿಂದಾಗಲಿಲ್ಲ.

"ಇಲ್ಲೋ ಯಪ್ಪಾ," ಎಂದಳು ಮಹಾನಂದಾ. "ಗೊತ್ತಾಗಿ ತಿಂಗಳಾತು."

ಮುಸ್ತಫಾ ಕಣ್ಣು ಮುಚ್ಚಿದ. ಬಿದ್ದ ದಿನ ಅವನು ಅತ್ತಿರಲಿಲ್ಲ, ದವಾಖಾನೆಯಲ್ಲೂ ಅತ್ತಿರಲಿಲ್ಲ. ಈಗ ಕಣ್ಣೀರು ಎರಡೂ ಕಡೆಯಿಂದ ಇಳಿದು ಕಿವಿಯೊಳಗೆ ಹೋಗತೊಡಗಿತು. ಒರೆಸಿಕೊಳ್ಳಲು ಅವನ ಕೈ ಏಳಲಿಲ್ಲ. ಖಾಸಿಂಬಿ ಸೆರಗು ತೆಗೆದುಕೊಂಡು ಒರೆಸಿದಳು.